ನಾನು ಬೆಳ್ಳಗಾದ ವರ್ಷ

ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಹಚ್ಚಿದರೆ ಮುಖಕ್ಕೆ ಬಣ್ಣ ಬರುತ್ತದೆಂದು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. ನನ್ನ ಅವ್ವ ಹೇಳಿ ಸುಮ್ಮನಾಗುವವಳಲ್ಲ. ನಾನು ಮದುವೆಯ ವಯಸ್ಸಿಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಹಿತ್ತಲಲ್ಲಿ ಕೂರಿಸಿ, ಹಿತ್ತಾಳೆ ಕೊಡ ಬೆಳಗುವ ಹುರುಪಿನಿಂದ ನನ್ನ ಮುಖ ತಿಕ್ಕುತ್ತಿದ್ದಳು. ನಮ್ಮ ಬನಹಟ್ಟಿ ಆಗ ಮುಂಬಯಿ ರಾಜ್ಯದಲ್ಲಿತ್ತು. ನನ್ನ ಬಣ್ಣ ಮಾತ್ರ ಯಾವ ಸರ್ಕಾರದ ಮಾತಿಗೂ ಜಗ್ಗದೆ ಕಪ್ಪಾಗಿಯೇ ಇತ್ತು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಬೆಳ್ಳಗಾಗತೊಡಗಿದೆ. ಅವ್ವನ ಹಿಗ್ಗು ಹೇಳತೀರದು. ಓಣಿಯ ಹೆಂಗಸರೆಲ್ಲ ಬಂದು ಕೆನೆಯ ಅಳತೆ ಕೇಳಿಕೊಂಡು ಹೋದರು. ನೀರಿನ ಕೊಡ ಎತ್ತಿದರೆ ಏದುಸಿರು ಬರುತ್ತಿತ್ತು, ಕೆಲವು ಮಧ್ಯಾಹ್ನ ಸಣ್ಣಗೆ ಚಳಿ ಹಿಡಿದು ಕೌದಿ ಹೊದೆಯುತ್ತಿದ್ದೆ. ಮೈ ಸುಡುವ ಜ್ವರವಿಲ್ಲದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕನ್ನಡಿಯೊಳಗಿನ ಆ ಹೊಸ ಚೆಲುವೆಯನ್ನು ಬಿಟ್ಟುಕೊಡಲು ನನಗಾದರೂ ಹೇಗೆ ಮನಸ್ಸಾದೀತು, ಹೇಳಿ?

ಅಷ್ಟರಲ್ಲಿ ಮುಧೋಳದಿಂದ ಹೆಣ್ಣು ನೋಡಲು ಬಂದರು. ಹುಡುಗನ ತಾಯಿ ಹಾಡು ಹೇಳೆನ್ನಲಿಲ್ಲ, ಹೆಸರನ್ನೂ ಕೇಳಲಿಲ್ಲ. ನನ್ನನ್ನು ಬಾಗಿಲ ಬೆಳಕಿಗೆ ಕರೆದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

“ಬಣ್ಣ ಬಂದಿಲ್ಲರೀ, ರಕ್ತ ಹೋಗೇತಿ,” ಎಂದರು ಅವ್ವನಿಗೆ. “ನನ್ನ ಮಗಳೂ ಹಿಂಗ ಬೆಳ್ಳಗಾಗಿದ್ಳು. ನಾವು ಖುಷಿಪಟ್ವಿ. ಜ್ವರ ಏರಿದ ಮ್ಯಾಲ ಓಡ್ಯಾಡಿದ್ವಿ, ಉಳೀಲಿಲ್ಲ. ಮದಲ ದವಾಖಾನಿಗಿ ಕರಕೊಂಡು ಹೋಗ್ರಿ, ಮಾತುಕತಿ ಆಮ್ಯಾಲ.”

ಸಂಬಂಧ ಬೇಡವೆನ್ನಲು ಇದೊಂದು ನೆಪವೆಂದು ಅವ್ವ ಸಿಟ್ಟಾದಳು. ಅಪ್ಪ ಮಾತ್ರ ಮರುದಿನವೇ ನನ್ನನ್ನು ಜಮಖಂಡಿಯ ಬಸ್ಸು ಹತ್ತಿಸಿದರು. ಅಲ್ಲಿಯ ಡಾಕ್ಟರು ಬೆರಳು ಚುಚ್ಚಿ, ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

“ಮಲೇರಿಯಾ ಐತ್ರಿ. ರಕ್ತ ತಿನ್ನಾಕತ್ತೈತಿ. ಜ್ವರ ಜೋರಾಗೂಕಿಂತ ಮದಲ ಬಂದ್ರಿ, ಛಲೋ ಆತು.”

ರಕ್ತ ಎಂಥ ಸಂಭಾವಿತ, ನೋಡಿ! ಮೈಯೆಲ್ಲ ಬೊಬ್ಬೆ ಹಾಕುವ ಮೊದಲೇ ರೆಪ್ಪೆಯೊಳಗೆ, ಉಗುರಿನಡಿಯಲ್ಲಿ, ನಾಲಿಗೆಯ ಮೇಲೆ ಕೆಂಪನ್ನು ಮೆಲ್ಲಗೆ ಹಿಂತೆಗೆದುಕೊಂಡು ಸುದ್ದಿ ಮುಟ್ಟಿಸುತ್ತದೆ. ಅದನ್ನು ನಮಗೆ ಬೇಕಾದಂತೆ ಓದಿಕೊಂಡು ಸಂಭ್ರಮಪಡುವವರು ನಾವು. ಮುಧೋಳದ ಆ ತಾಯಿಯೂ ಒಮ್ಮೆ ಹಾಗೇ ಸಂಭ್ರಮಪಟ್ಟವರು.

ಕಹಿ ಗುಳಿಗೆ ನುಂಗಿ ನುಂಗಿ, ದೀಪಾವಳಿ ದಾಟಿ ಕೆಲವು ವಾರಗಳಲ್ಲಿ ನಾನು ಮೊದಲಿನಂತೆ ಕಪ್ಪಾದೆ. ಮುಧೋಳದವರು ಮತ್ತೆ ಬರುತ್ತಾರೆಂದಾಗ ಅವ್ವ ಗಾಬರಿಯಿಂದ ಪೌಡರು ಹುಡುಕಿದಳು. ನಾನು ಬೇಡವೆಂದು ಹಾಗೇ ಹೊರಗೆ ಬಂದೆ. ಆ ತಾಯಿ ನನ್ನ ಕಪ್ಪು ಕೆನ್ನೆಯ ಮೇಲೆ ಅಂಗೈ ಇಟ್ಟು, ಎಲ್ಲರೆದುರೂ ಅತ್ತುಬಿಟ್ಟರು.

“ಹಿಂಗ ಕರ್ರಗ ಇರು, ಯವ್ವಾ. ನಮ್ಮ ಮನ್ಯಾಗ ಇನ್ನೊಬ್ಬಾಕಿ ಬೆಳ್ಳಗಾಗೂದು ಬ್ಯಾಡ.”