ತೊಲೆಗೆ ಕಲ್ಲು ಕಟ್ಟಿದ ಅಕ್ಕೋರು

ಮೊನ್ನೆ ನಮ್ಮ ಓಣಿಯ ಮಣ್ಣಿನ ಛಾವಣಿಯ ಹಳೆಯ ಮಾಳಿಗೆ ಮನೆಯೊಂದನ್ನು ಕೆಡವುತ್ತಿದ್ದರು. ಮೇಲಿನ ಮಣ್ಣು ಧೊಪ್ಪೆಂದು ಬಿದ್ದು ಓಣಿಯ ತುಂಬ ಒಂದು ವಾಸನೆ ಎದ್ದಿತು... ಹೊಗೆ, ಬೇವಿನ ಕಟ್ಟಿಗೆ, ಉಪ್ಪುಪ್ಪು ಮಣ್ಣು. ಕಾಯಿಪಲ್ಲೆ ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ. "ಸರೀರಿ ಅಮ್ಮಾರ, ಧೂಳು ಬರ್ತೈತಿ" ಎಂದು ಕೆಲಸದವನು ಗದರಿದ. ಬರಲಿ ಬಿಡೋ ಮಾರಾಯ ಎಂದೆ. ನನಗೆ ಆಗಲೇ ನಮ್ಮ ಅಕ್ಕೋರ ನೆನಪಾಗಿತ್ತು.

ಎಪ್ಪತ್ತರ ದಶಕದ ಮಾತು. ಗೊಳಸಂಗಿ ಕಡೆಯ ನಮ್ಮ ಹಳ್ಳಿಯ ಶಾಲೆಗೆ ಕಲಿಸಲು ಬಂದ ಮೊದಲ ಹೆಂಗಸು ಅವರು. ಅಂಥವರನ್ನು ಅಕ್ಕೋರು ಎನ್ನುವುದು ನಮ್ಮ ಕಡೆಯ ರೂಢಿ. ಮಗ್ಗಿ ಹೇಳಿಸುತ್ತ ಹೇಳಿಸುತ್ತ ತಟ್ಟನೆ ನಿಲ್ಲಿಸಿ ಮಾಳಿಗೆಯತ್ತ ಕತ್ತೆತ್ತಿ ನೋಡುವರು. ಅಲ್ಲೇನಿದೆ? ಹಲ್ಲಿಯೂ ಇರಲಿಲ್ಲ! ನಾನು ಮೊದಲಿನಿಂದ ಕೆದಕುವ ಬುದ್ಧಿಯವಳು. ಅವರು ನೋಡಿದಾಗಲೆಲ್ಲ ನಾನೂ ನೋಡುತ್ತಿದ್ದೆ.

ನನ್ನ ಕುತೂಹಲದ ಇನ್ನೊಂದು ವಸ್ತು ಮೂಲೆಯ ಗಾಜಿನ ಕಪಾಟು. ಒಳಗೆ ಪುಸ್ತಕಗಳು ತುಂಬಿದ್ದವು, ಕೀಲಿ ಹೆಡ್ ಮಾಸ್ತರರ ಜೇಬಿನಲ್ಲಿ. ತಪಾಸಣೆಯ ಸಾಹೇಬರು ಬಂದಾಗ ಮಾತ್ರ ಅದನ್ನು ತೆರೆದು ಧೂಳು ಝಾಡಿಸುತ್ತಿದ್ದರು. ಒಂದು ಹಾಳೆ ಹರಿದರೂ ಜವಾಬು ಕೊಡಬೇಕೆಂಬ ಅಂಜಿಕೆ, ಪಾಪ, ಆ ಮಾಸ್ತರರಿಗೆ. ನಾವು ಗಾಜಿಗೆ ಮೂಗು ಒತ್ತಿ ಪುಸ್ತಕಗಳ ಬೆನ್ನು ಓದಿಯೇ ತೃಪ್ತರಾಗುತ್ತಿದ್ದೆವು.

ಒಂದು ದಿನ ಅಕ್ಕೋರು ಬಾಕಿನ ಮೇಲೆ ಹತ್ತಿ, ನಡುವಿನ ತೊಲೆಗೆ ಹುರಿಯಿಂದ ಒಂದು ಕಲ್ಲು ಇಳಿಬಿಟ್ಟರು. ಕಲ್ಲಿಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದು.

"ಇದ್ಯಾಕ್ರಿ ಅಕ್ಕೋರ?"

"ದಿನಾ ನೋಡು. ನಿನಗ ತಿಳೀತೈತಿ."

ದಿನಾ ನೋಡಿದೆ. ಹೋಳಿಯ ಹೊತ್ತಿಗೆ ಬೆರಳು ಹೋಗದಾಯಿತು. ಯುಗಾದಿ ಕಳೆದ ಮೇಲೆ ಪಾಟಿಯ ಬಳಪವಷ್ಟೇ ತೂರುತ್ತಿತ್ತು. "ಅಕ್ಕೋರ, ಕಲ್ಲು ಇಳ್ಯಾಕತ್ತೈತ್ರಿ!" ಎಂದು ಕುಣಿದೆ.

"ಕಲ್ಲಲ್ಲವ್ವಾ, ತೊಲಿ ಇಳ್ಯಾಕತ್ತೈತಿ."

ಆ ತೊಲೆಯ ಕೆಳಗೇ ನಾವು ಕೂಡುತ್ತಿದ್ದುದು. ಮರುದಿನದಿಂದ ಅಕ್ಕೋರು ನಮ್ಮನ್ನೆಲ್ಲ ಹೊರಗೆ ಬೇವಿನ ಗಿಡದ ಕೆಳಗೆ ಕೂಡಿಸಿದರು. ಊರವರಿಗೆ ನಗೆ. "ಅಕ್ಕೋರು ಸಾಲಿ ಬಯಲಿಗೆ ತಂದ್ರಲ್ಲೋ!"

ಮುಂಗಾರಿನ ಮಿರಗದ ಮಳೆ ಬೀಳುವ ಮೊದಲು ಮಾಳಿಗೆ ಸೋರದಂತೆ ಮೇಲೆ ಉಪ್ಪುಪ್ಪಾದ ಕರಲು ಮಣ್ಣು ಹಾಕಿ ತುಳಿಯುವುದು ನಮ್ಮ ಕಡೆಯ ಪದ್ಧತಿ. ಶಾಲೆಗೆ ಊರೇ ಸೇವೆಯೆಂದು ಹಾಕುತ್ತಿತ್ತು. ಪ್ರತಿ ವರ್ಷ ಹಳೆಯದರ ಮೇಲೆ ಹೊಸದು. ಹಳೆಯ ಮಣ್ಣು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವರವರ ಅಪ್ಪ ಅಜ್ಜ ಹೊತ್ತು ಹಾಕಿದ ಮಣ್ಣಲ್ಲವೇ. ಆ ವರ್ಷವೂ ಬುಟ್ಟಿ ಹೊತ್ತು ಬಂದರು, ಮುಂದೆ ಪಂಚಾಯತಿ ಚೇರ್ಮನ್ನರು. ಅಕ್ಕೋರು ಕೈಮುಗಿದು ಬೇಡವೆಂದರು, ತೊಲೆ ತಾಳುವುದಿಲ್ಲವೆಂದರು. ಕೇಳುವವರಾರು? ಗಂಡಸರು ಹತ್ತೇಬಿಟ್ಟರು.

"ಹಂಗಾದ್ರ ನೀವು ಒಳಗ ಬಂದು ಈ ಕಲ್ಲಿನ ಮುಂದ ನಿಂದ್ರರಿ. ಇದ ನಮ್ಮ ಮಕ್ಕಳು ಕುಂದ್ರೂ ಜಾಗಾ" ಎಂದರು ಚೇರ್ಮನ್ನರಿಗೆ.

"ನಿಮಗ ಹೆದರಿಕಿ ಭಾಳ ಬಿಡ್ರಿ" ಎಂದು ನಗುತ್ತ ಚೇರ್ಮನ್ನರು ಒಳಗೆ ಹೋದರು. ಅಕ್ಕೋರೂ ಅವರ ಪಕ್ಕದಲ್ಲೇ ನಿಂತರು. ನಾನು ಕಿಟಕಿಯಲ್ಲಿ ಇಣುಕಿದೆ. ಮೇಲೆ ಬುಟ್ಟಿ ಸುರಿಯಿತು, ತುಳಿತ ಶುರುವಾಯಿತು. ಕಲ್ಲು ನೆಲ ಮುಟ್ಟಿತು. ಹುರಿ ಸಡಿಲಾಯಿತು. ಕಲ್ಲು ಮೆಲ್ಲಗೆ ವಾಲಿ ಮಲಗಿಬಿಟ್ಟಿತು. ಚೇರ್ಮನ್ನರು ಮೇಲೆ ಮುಖಮಾಡಿ ಕೂಗಿದರು.

"ಏ, ಇಳೀರೋ! ಮಣ್ಣು ಸಾಯಲಿ, ಮೊದಲ ಕೆಳಗ ಇಳೀರಿ!"

ರುಮಾಲು ಬಿದ್ದದ್ದೂ ತಿಳಿಯದೆ ಹೊರಗೋಡಿ ಬಂದರು. ಯಾರೂ ನಗಲಿಲ್ಲ.

ಮರುದಿನ ಅದೇ ಜನ ಅಂಚಿನಿಂದ ಹಳೆಯ ಮಣ್ಣು ಅಗೆದು ತೆಗೆದರು. ಒಂದೊಂದು ಪದರಕ್ಕೆ ಒಂದೊಂದು ಬಣ್ಣ... ತೊಲೆಯ ಒಳಗೆ ಗೆದ್ದಲು ತಿಂದು ಪೊಳ್ಳಾಗಿತ್ತು. ಕಪಾಟು ಅಂಗಳಕ್ಕೆ ಬಂತು, ಮೇಲೆ ಮೋಡ ಕಟ್ಟಿತ್ತು. ಅಕ್ಕೋರು ಹೆಡ್ ಮಾಸ್ತರರಿಂದ ಕೀಲಿ ಇಸಿದುಕೊಂಡು ಬಾಗಿಲು ತೆರೆದೇಬಿಟ್ಟರು.

"ಮಳಿಗೆ ತೊಯ್ಯೂದು ಬ್ಯಾಡ, ಒಬ್ಬೊಬ್ಬರು ಒಂದೊಂದು ಪುಸ್ತಕ ಮನಿಗೆ ಒಯ್ಯಿರಿ. ಓದ್ರಿ, ಬದಲಿ ಮಾಡಿಕೊಳ್ರಿ."

"ಕಳೆದ್ರ ಯಾರು ಜವಾಬು ಕೊಡಾವ್ರು?" ಹೆಡ್ ಮಾಸ್ತರರು ಕೇಳಿದರು.

"ನಾ ಅದೀನಲ್ರಿ, ಜವಾಬು ನಾ ಕೊಡ್ತೀನಿ."

ಅಯ್ಯೋ, ಆ ಮಳೆಗಾಲ! ನಾನು ಒಲೆಯ ಮುಂದೆ ಕೂತು ಓದುತ್ತಿದ್ದರೆ ಅವ್ವ ರೊಟ್ಟಿ ಬಡಿಯುವುದು ಬಿಟ್ಟು "ಮುಂದೇನಾತು, ಲಗೂನ ಓದ ಹುಡುಗಿ" ಎನ್ನುವಳು. ಪುಸ್ತಕಗಳು ಮನೆಯಿಂದ ಮನೆಗೆ ಅಡ್ಡಾಡಿದವು. ಒಂದು ಮದುಮಗಳ ಗಂಟಿನಲ್ಲಿ ಮುದ್ದೇಬಿಹಾಳಕ್ಕೇ ಹೋಯಿತು. ಒಂದನ್ನು ಆಡು ಮೇಯಿತು. ದೀಪಾವಳಿ ಕಳೆದ ಮೇಲೆ ಸಾಹೇಬರು ತಪಾಸಣೆಗೆ ಬಂದಾಗ ಕಪಾಟಿನಲ್ಲಿ ಸಂದುಗಳು ಕಂಡವು. ಕೊಟ್ಟ ಮಾತಿನಂತೆ ಅಕ್ಕೋರೇ ಜವಾಬು ಕೊಟ್ಟರು. ಅವರನ್ನು ಸಿಂದಗಿ ಕಡೆಯ ಯಾವುದೋ ಮೂಲೆಯ ಹಳ್ಳಿಗೆ ಬದಲಿ ಮಾಡಿದರು. ಬಸ್ಸು ಹತ್ತುವಾಗ ಅವರು ನಮ್ಮ ತಲೆ ಸವರಿದ್ದು ನೆನಪಿದೆ. ಏನೆಂದರೋ... ನೆನಪಿಲ್ಲ.

ಅವರ ತವರು ಮನಗೂಳಿ ಎಂಬುದೊಂದು ಗೊತ್ತಿತ್ತು. ಮೊನ್ನೆ ಓಣಿಯ ಆ ಧೂಳು ಕುಡಿದ ಮೇಲೆ ಮನೆಯಲ್ಲಿ ಕೂಡಲಾಗದೆ ಅಲ್ಲಿಗೆ ಹೊರಟೆ, ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲು ತೆರೆದವರು ಅವರ ತಂಗಿ. ಅಕ್ಕೋರು ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಚಹಾ ಕೊಡುತ್ತ ತಂಗಿ ಹೇಳಿದರು. "ಸಾಲಿ ಪುಸ್ತಕ ಮಾರಿಕೊಂಡಾಳ, ಅದಕ್ಕ ಬದಲಿ ಮಾಡ್ಯಾರ ಅಂತ ಮಂದಿ ಅಂದ್ರು. ನಮ್ಮಪ್ಪ ನಂಬಿದ. ಆಕಿ ಜೋಡಿ ಮಾತೇ ಬಿಟ್ಟ. ಅಪ್ಪ ಕೇಳಲಿಲ್ಲ, ಆಕಿ ಹೇಳಲಿಲ್ಲ."

ನಾನು ಎಲ್ಲ ಹೇಳಿದೆ. ತೊಲೆ, ಚೇರ್ಮನ್ನರು, ಮಳೆ, ನನ್ನವ್ವನ ರೊಟ್ಟಿ, ಆಡು, ಯಾವುದನ್ನೂ ಬಿಡಲಿಲ್ಲ. ತಂಗಿ ಸೆರಗು ಬಾಯಿಗೊತ್ತಿಕೊಂಡು ಕೇಳಿದರು. ಚಹಾ ಆರಿಹೋಯಿತು. ಕೊನೆಗೆ ನನ್ನ ಕೈ ಹಿಡಿದರು.

"ನಮ್ಮಪ್ಪ ಇದ್ದಾಗ ಒಮ್ಮೆ ಬಂದು ಹೇಳಬಾರದಿತ್ತೇನವ್ವಾ?"