ಬಿಸಿಲಿಗೆ ಹೋಗಬಾರದೆಂದ ಕಾಗದ

ಹದಿನಾರನೆಯ ಕರೆಂಟಿನ ಮರುದಿನ ದುಂಡಸಿಯ ಗುತ್ತೆವ್ವನ ಎಡಗಂಕುಳ ಕೆಳಗೆ ಚರ್ಮ ಕಿತ್ತು ನೀರು ಒಸರತೊಡಗಿತು. ಎದೆಯ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳಿಗೆ ಇಪ್ಪತ್ತೈದು ದಿನ ವಿಕಿರಣ ಕೊಡಬೇಕೆಂದು ಬರೆದಿದ್ದರು. ಊರವರ ಬಾಯಲ್ಲಿ ಅದು ಕರೆಂಟ್. ನಡುವೆ ಬಿಟ್ಟರೆ ರೋಗ ಮತ್ತೆ ತಲೆಯೆತ್ತಬಹುದು ಎಂದು ಡಾಕ್ಟರು ಸುಮಯ್ಯ ಮೇಡಂ ಮೊದಲೇ ಎಚ್ಚರಿಸಿದ್ದರು. ಹಾಗಾಗಿ ಗುತ್ತೆವ್ವ ಮುಂಜಾನೆಯ ಹುಬ್ಬಳ್ಳಿ ಬಸ್ಸನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

"ಚರ್ಮ ಆರೋತನಕ ಕರೆಂಟ್ ಬಂದ್. ಸೋಮವಾರ ಬರ್ರಿ, ನೋಡೂಣು" ಎಂದರು ಡಾಕ್ಟರು. "ಏನ್ ಮಾಡ್ಕೊಂಡ್ರಿ ಇದನ್ನ?"

"ನೀವು ಕೊಟ್ಟ ಕಾಗದದಾಗ ಇದ್ದಂಗ ಮಾಡೇನ್ರಿ! ಒಂದಕ್ಷರ ತಪ್ಪಿಲ್ಲ!"

ಗುತ್ತೆವ್ವನಿಗೆ ಸಿಟ್ಟು ನೆತ್ತಿಗೇರಿತ್ತು. ಹೊರಗಿನ ಬೆಂಚಿನ ಮೇಲೆ ಸವಣೂರಿನ ಅಕ್ಬರಸಾಬ ಕುಳಿತಿದ್ದ. ಅವನಿಗೆ ಗಂಟಲಿನ ಕ್ಯಾನ್ಸರ್, ಆಗಲೇ ಇಪ್ಪತ್ತು ಕರೆಂಟ್ ಮುಗಿದಿದ್ದವು. ಕುತ್ತಿಗೆ ಕಪ್ಪಾಗಿತ್ತೇ ಹೊರತು ಎಲ್ಲೂ ಕಿತ್ತಿರಲಿಲ್ಲ. ಹೆಂಡತಿ ರಹಿಮಾಬಿ ಪಕ್ಕದಲ್ಲಿ ಕೂತು ಚಮಚದಿಂದ ಗಂಜಿ ಕುಡಿಸುತ್ತಿದ್ದಳು.

"ಅವರಿಗೂ ಇದ ಕಾಗದ ಕೊಟ್ಟೀರಿ. ಅವರ ಚರ್ಮ ನೋಡ್ರಿ, ನಂದ್ ನೋಡ್ರಿ."

"ಜಾಗ ಬ್ಯಾರೆ, ಗುತ್ತೆವ್ವ. ಕಂಕುಳು ಬೆವರ್ತದ, ತಿಕ್ಕತದ. ಬಿಸಿ ಏನರ ತಾಗಿಸಿದ್ರೇನು?"

"ಬಿಸಲಿಗೆ ಹೋಗಬ್ಯಾಡ ಅಂತ ಬರದೀರಿ, ಹೋಗಿಲ್ಲ. ಹೊಲ ಬಿಟ್ಟು ಮನ್ಯಾಗ ಕುಂತು ರೊಟ್ಟಿ ಬಡೀತೇನಿ."

ಡಾಕ್ಟರ ಪೆನ್ನು ನಿಂತಿತು. "ಎಷ್ಟ್ ರೊಟ್ಟಿ?"

"ಮನಿಗೆ ಇಪ್ಪತ್ತು, ಗೋವಿನಜೋಳ ಮುರಿಯಾಕ ಬಂದ ಆಳಿಗೆ ನಲವತ್ತು."

ಹನ್ನೊಂದನೆಯ ವಯಸ್ಸಿಗೆ ಹಿಟ್ಟು ನಾದಲು ಕೂತವಳು ಅವಳು. ಅವಳ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬುತ್ತದೆಂದು ಓಣಿಯೆಲ್ಲ ಹೊಗಳುತ್ತಿತ್ತು. ಕಾಗದ ಬಂದ ದಿನ ಗಂಡ ಪರಮೇಶಪ್ಪ ಅದನ್ನು ದೊಡ್ಡ ದನಿಯಲ್ಲಿ ಓದಿ, "ಹೊಲದ ಕೆಲಸ ನಿನಗ ಬ್ಯಾಡ. ನೆರಳಾಗ ಕುಂತು ರೊಟ್ಟಿ ಮಾಡ್ಕೊಂಡು ಆರಾಮ ಇರು" ಎಂದಿದ್ದ. ಪಾಪ, ಅವನ ಲೆಕ್ಕದಲ್ಲಿ ಅದು ಕರುಣೆಯೇ. ಹುಬ್ಬಳ್ಳಿಯಿಂದ ಮೂರಕ್ಕೆ ಬಂದು ನಾಲ್ಕಕ್ಕೆ ಒಲೆಯ ಮುಂದೆ ಕೂತರೆ, ಸುಟ್ಟ ಮಗ್ಗುಲಿಗೇ ಉರಿ ಹೊಡೆಯುತ್ತಿತ್ತು. ಒಳಗಿನ ಉರಿ ಕರೆಂಟಿನದು, ಹೊರಗಿನದು ಒಲೆಯದು. ಯಾವುದು ಯಾವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ಬ್ಲೇಡ್ ಹಚ್ಚಿ ಗಡ್ಡ ಬೋಳಿಸಬ್ಯಾಡ ಅಂತ ಬರದೀರಿ, ಬಿಗಿ ಕಾಲರ್ ಬ್ಯಾಡ ಅಂತ ಬರದೀರಿ. ನನಗ ಗಡ್ಡ ಐತೇನ್ರಿ? ಒಲಿ ಅಂತ ಎಲ್ಲೈತಿ ಇದರಾಗ?"

ಸುಮಯ್ಯ ಡಾಕ್ಟರು ಕಾಗದ ತಿರುಗಿಸಿ ನೋಡಿದರು. ಎಲ್ಲೂ ಇರಲಿಲ್ಲ. "ಬರೀಬೇಕಿತ್ತು, ತಪ್ಪಾಗೇದ. ಇನ್ನ ಒಲಿ ಹತ್ರ ಹೋಗಬ್ಯಾಡ್ರಿ" ಎಂದರು.

"ನಾ ಹೇಳಿದ್ರ ಮನ್ಯಾಗ ಯಾರ್ ಕೇಳ್ತಾರ? ಬರದ ಕೊಡ್ರಿ. ಸಿಕ್ಕಾ ಹೊಡದ ಕೊಡ್ರಿ."

ಡಾಕ್ಟರು ನಗು ತಡೆದುಕೊಂಡು, 'ಒಲೆಯ ಮುಂದೆ ಕೂಡಬಾರದು, ರೊಟ್ಟಿ ಬಡಿಯಬಾರದು' ಎಂದು ಬರೆದು ಸಹಿ ಮಾಡಿ ಆಸ್ಪತ್ರೆಯ ಮುದ್ರೆ ಒತ್ತಿದರು.

ಮನೆಯಲ್ಲಿ ಪರಮೇಶಪ್ಪ ಅದನ್ನು ಎರಡು ಸಲ ಓದಿದ. "ಹಂಗಾದ್ರ ಬಡಿಯೋರು ಯಾರು?"

"ಅದನ್ನ ಬರದಿಲ್ಲ, ನೋಡ್ರಿ."

ಆ ನಾಲ್ಕು ದಿನ ಅವನೇ ಅನ್ನ ಕುದಿಸಿದ. ಒಂದು ದಿನ ರೊಟ್ಟಿಗೂ ಕೂತ. ಮೂರನೆಯದಕ್ಕೇ ಮುಖ ಕೆಂಪಾಗಿ ಎದ್ದು, "ಥೂ, ಏನ್ ಝಳಾನಪ್ಪ ಇದು!" ಎಂದು ಅಂಗಳಕ್ಕೆ ಓಡಿದ. ಆಳುಗಳಿಗೆ ತಡಸದಿಂದ ಖಡಕ್ ರೊಟ್ಟಿ ತರಿಸಿದ.

ಸೋಮವಾರ ಗಂಡನೂ ಜೊತೆಗೆ ಹೋದ. ಡಾಕ್ಟರು ಕಂಕುಳು ನೋಡಿ, "ಆರೇದ. ಇವತ್ತ ತಗೊಳ್ರಿ" ಎಂದರು. ಮಶೀನಿನ ಕೆಳಗೆ ಮಲಗಿ ತೋಳೆತ್ತಿದಾಗ ನೋವಿತ್ತು, ಆದರೆ ತಡೆಯುವಷ್ಟು.

ಹೊರಗೆ ಬಂದಾಗ ಪರಮೇಶಪ್ಪ ಆಸೆಯಿಂದ ಕೇಳಿದ, "ಇನ್ನೆಷ್ಟ್ ಉಳಿದ್ವು?"

"ಎಂಟು. ಮುಗದ ಮ್ಯಾಲೂ ಒಂದ್ ತಿಂಗಳು ಒಲಿ ಬ್ಯಾಡ ಅಂದಾರ ಮೇಡಂ."

ಮೇಡಂ ಎರಡು ವಾರ ಎಂದಿದ್ದರು.