ಮೀಸೆಯ ಸಂದಿನಲ್ಲಿ ಸಮುದ್ರ

ಅಂಡಮಾನಿನ ಈ ದಡದಲ್ಲಿ, ಮೈಮೇಲಿನ ಉಪ್ಪುನೀರು ಒಣಗುವ ಮೊದಲೇ ಬರೆಯುತ್ತಿದ್ದೇನೆ. ಮಳವಳ್ಳಿಗೆ ಮರಳುವಷ್ಟರಲ್ಲಿ ನಾವು ಕಂಡ ಆಮೆ ಎಮ್ಮೆಯಷ್ಟಾಗಿರುತ್ತದೆ. ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ.

ಬೆಳಿಗ್ಗೆ ಡೈವಿಂಗ್ ಕಲಿಸುವಾಕೆ ನಮ್ಮಕ್ಕನ ಗಂಡನಾದ ಬೆಳಕವಾಡಿಯ ಭಾವನ ಮುಖಕ್ಕೆ ಮಾಸ್ಕ್ ಹಾಕಿ ನೀರಿಗಿಳಿಸಿ ನೋಡಿದಳು. ದಪ್ಪ ಮೀಸೆಯ ಸಂದಿನಿಂದ ನೀರು ಒಳಗೆ ನುಗ್ಗಿತು. ಮೀಸೆ ಬೋಳಿಸಿದರೆ ಸರಿಹೋಗುತ್ತದೆ ಎಂದು ಹಿಂದಿಯಲ್ಲಿ ಹೇಳಿದಳು. ನಾನು ಅದನ್ನೇ ಭಾವನಿಗೆ ಕನ್ನಡದಲ್ಲಿ ಹೇಳಿದೆ.

"ನಮ್ಮಪ್ಪ ಬದ್ಕವ್ನೆ ಕಣಮ್ಮ. ಮೀಸೆ ತೆಗಿಯೋದು ಅಪ್ಪ ಸತ್ತಾಗ. ಈ ಸಮುದ್ರಾನೇ ಬ್ಯಾಡ, ಬುಡು."

ನಾನು ಅದನ್ನು ಹಿಂದಿಯಲ್ಲಿ ಹೇಳಿದಾಗ ಆಕೆ ನಗಲಿಲ್ಲ. ನೀರು ತುಂಬಿದಾಗಲೆಲ್ಲ ಮಾಸ್ಕಿನ ಮೇಲಂಚು ಒತ್ತಿ, ಮೂಗಿನಿಂದ ಉಸಿರು ಬಿಟ್ಟು ಅದನ್ನು ಹೊರಹಾಕುವುದನ್ನು ಕಲಿಸಿದಳು. ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಹೆದರದಿದ್ದರೆ ಬನ್ನಿ ಎಂದಳು.

ನಾಲೆಯ ಕೆಸರುನೀರಿನಲ್ಲಿ ಕಣ್ಣು ಬಿಟ್ಟುಕೊಂಡೇ ಈಜು ಕಲಿತವರು ಭಾವ. ಹವಳಗಳ ನಡುವೆ, ಹಳದಿ ಮೀನಿನ ಹಿಂಡಿನ ಕೆಳಗೆ, ಮೂಗಿನಿಂದ ಗುಳ್ಳೆ ಬಿಡುತ್ತಲೇ ಸಾಗಿದರು. ಇವರು ನಮ್ಮ ಭಾವ ಎಂದು ಆ ಮೀನುಗಳಿಗೆಲ್ಲ ಕೂಗಿ ಹೇಳಬೇಕೆನಿಸಿತು, ಆದರೆ ಬಾಯಲ್ಲಿ ಉಸಿರಾಟದ ಕೊಳವೆಯಿತ್ತು.

ಮೇಲೆ ಬಂದವರೇ, ಕಣ್ಣು ಕೆಂಪಾಗಿದ್ದರೂ ಮೀಸೆ ತಿರುವಿ ಊರಿಗೆ ವಿಡಿಯೊ ಕಾಲ್ ಮಾಡಿದರು. "ಅಪ್ಪೋ, ಮೀಸೆ ತೆಗಿ ಅಂದ್ರು. ನಾನು ತೆಗೀನಿಲ್ಲ. ನೋಡು!"

ಬೆಳಕವಾಡಿಯ ಜಗಲಿಯಿಂದ ಅವರಪ್ಪನ ದನಿ ಬಂತು: "ನಾನು ಬದ್ಕಿವ್ನಿ ಅಂತ ನಂಗೂ ಗೊತ್ತು ಕಣ್ಲಾ. ಮೀನು ತೋರ್ಸು."